ನಮ್ಮತ್ತೆಯ ಹುಣಸೆಹಣ್ಣಿನ ಸಭೆ

ಊಟ ಚೆನ್ನಾಗಿದೆ ಎಂದರೆ ಮುಖ ಗಂಟಿಕ್ಕುವ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ಚಾಮರಾಜನಗರಕ್ಕೆ ಬನ್ನಿ, ನಮ್ಮ ಸೋದರತ್ತೆಯನ್ನು ತೋರಿಸುತ್ತೇನೆ. ಟಿಕೆಟ್ಟಿಲ್ಲ, ಪುಕ್ಕಟೆ. ಆದರೆ ನೀವು ವಾಪಸ್ಸು ಹೊರಟಾಗ ಅವಳು ಬಾಗಿಲಿಗೆ ಅಡ್ಡ ನಿಂತು, "ನನ್ನ ನೋಡುದ್ದು ಎಂಗನ್ನಿಸ್ತು? ನಾನು ಏನ್ ಸುದಾರಿಸ್ಕಬೇಕು?" ಎಂದು ಕೇಳಿಯೇ ಕೇಳುತ್ತಾಳೆ. ಅದಕ್ಕೆ ನಾನು ಜವಾಬ್ದಾರನಲ್ಲ!

ಅತ್ತೆ ಮೊದಲು ನಮ್ಮೂರು ಹರವೆಯಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಆಮೇಲೆ ಸೂಪರ್‌ವೈಸರ್ ಆಗಿ ಊರೂರು ತಿರುಗಿದಳು. ಈಗ ರಿಟೈರಾಗಿ ನಮ್ಮ ಪಕ್ಕದ ಬೀದಿಯಲ್ಲೇ ಇದ್ದಾಳೆ. ರಿಟೈರಾದವರು ದೇವಸ್ಥಾನ ಸುತ್ತುತ್ತಾರೆ, ಸೀರಿಯಲ್ ನೋಡುತ್ತಾರೆ. ಇವಳು ಒಂದು ಸ್ವಯಂಸೇವಾ ಸಂಸ್ಥೆಯವರ ಕೈಗೆ ಸಿಕ್ಕಿಬಿದ್ದಳು. ಅಲ್ಲ, ಅವರೇ ಪಾಪ ಇವಳ ಕೈಗೆ ಸಿಕ್ಕಿಬಿದ್ದರು. ಜನರಿಗಾಗಿ ಮಾಡಿದ ಕಾರ್ಯಕ್ರಮ ಜನರಿಗೆ ನಿಜವಾಗಿ ಮುಟ್ಟಿದೆಯೇ ಎಂದು ಆ ಜನರನ್ನೇ ಕೂರಿಸಿಕೊಂಡು ಕೇಳಿ ವರದಿ ಕೊಡುವ ಕೆಲಸ. ಸಹಭಾಗಿ ಮೌಲ್ಯಮಾಪನ ಎಂದು ಅದರ ಹೆಸರು. ಸಂಬಂಧಪಟ್ಟವರೆಲ್ಲ 'ಭಾಗೀದಾರರು'. ಈ ಮಾತು ಅತ್ತೆಗೆ ಎಷ್ಟು ಹಿಡಿಸಿತೆಂದರೆ, ಭೂಮಿಯ ಮೇಲೆ ಭಾಗೀದಾರರಲ್ಲದವರು ಯಾರೂ ಉಳಿಯಲಿಲ್ಲ. ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಹಾಲಿನವನನ್ನೂ ಕರೆಂಟ್ ಮೀಟರ್ ನೋಡುವವನನ್ನೂ ನಿಲ್ಲಿಸಿ ಅಭಿಪ್ರಾಯ ಕೇಳಿದಳು.

"ಅವರ‍್ನ ಯಾಕೆ ಕೇಳ್ತೀಯ ಅತ್ತೆ? ಮನೆ ನಂದು!" ಎಂದೆ.

"ನೀನು ವಳಗೆ ಕುಂತಿರ್ತೀಯ, ನಿಂಗೆ ವರಗಿನ ಗೋಡೆ ಎಲ್ಲಿ ಕಂಡದು? ದಿನಾ ನೋಡೋನು ಅವ್ನು ಕಣ್ಲಾ!"

ನಮ್ಮ ಮನೆ ಇವತ್ತಿಗೂ ಹಾಲಿನವನಿಗೆ ಇಷ್ಟವಾದ ಪಾಚಿ ಬಣ್ಣದಲ್ಲಿದೆ.

ನನಗೆ ಚಾಮರಾಜನಗರದಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ, ಒಂದು ಸ್ಕೂಟರ್ ಇದೆ. ಹೀಗಾಗಿ ಅತ್ತೆಯ ಡ್ರೈವರ್ರೂ ನಾನೇ, ಫೋಟೋಗ್ರಾಫರ್ರೂ ನಾನೇ. ಹೋದ ಮಾರ್ಚಿನಲ್ಲಿ ಗುಂಡ್ಲುಪೇಟೆ ಪಕ್ಕದ ಊರಿನಲ್ಲಿ ಒಂದು ಮಕ್ಕಳ ಮನೆ ಮುಚ್ಚಬೇಕೋ ಉಳಿಸಬೇಕೋ ಎನ್ನುವ ಪ್ರಶ್ನೆ ಅತ್ತೆಯ ತಲೆಗೆ ಬಿತ್ತು. ಅಮ್ಮಂದಿರು ಕೂಲಿಗೆ ಹೋದಾಗ ಕೂಸುಗಳನ್ನು ನೋಡಿಕೊಳ್ಳುವ ಜಾಗ ಅದು. ಅದರ ಕತೆ ಹೇಳುವ ಮೊದಲು ಅತ್ತೆಯ ವಿದ್ಯೆ ಎಂಥದು ಅಂತ ನಿಮಗೆ ಗೊತ್ತಾಗಬೇಕು.

ನಮ್ಮ ಸೀಮೆಯ ಜನರದ್ದು ಒಂದು ದೊಡ್ಡ ಗುಣ. ಮುಖದ ಮುಂದೆ ಯಾರನ್ನೂ ಏನನ್ನೂ ಕೆಟ್ಟದ್ದು ಎನ್ನುವುದಿಲ್ಲ. ಬೋರ್‌ವೆಲ್ ಹೇಗಿದೆ? "ಚೆನ್ನಾಗದೆ ಬುಡಿ." ನೀರು ಬರ್ತದಾ? "ನೀರು ಬರಕಿಲ್ಲ, ಆದ್ರೂ ಚೆನ್ನಾಗದೆ." ಕೇಳಲು ಬಂದವರು ಬಿಸಿಲಲ್ಲಿ ಬಂದಿದ್ದಾರೆ, ಬೇಜಾರು ಮಾಡಿ ಕಳಿಸುವುದು ಹೇಗೆ ಎನ್ನುವ ಮರ್ಯಾದೆ ಅದು! ಹೀಗೆ ಎಲ್ಲ ಕಾರ್ಯಕ್ರಮಗಳೂ ನೂರಕ್ಕೆ ನೂರು ತೆಗೆದುಕೊಂಡು ಪಾಸಾಗುತ್ತಿದ್ದವು. ಅತ್ತೆ ಹಲ್ಲು ಕಡಿಯುತ್ತಿದ್ದಳು.

ಅವಳಿಗೆ ದಾರಿ ಹೊಳೆದದ್ದು ನನ್ನ ಮದುವೆಯಲ್ಲಿ. ಬೀಗರೂಟ ಮುಗಿದ ಮಾರನೆಯ ದಿನ ನೆಂಟರನ್ನೆಲ್ಲ ಹಜಾರದಲ್ಲಿ ಕೂರಿಸಿ, ಮದುವೆ ಹೇಗಾಯಿತು ಎಂದು ಕೇಳಿದಳು. "ಚೆನ್ನಾಗಾಯ್ತು" ಎಂದು ಇಡೀ ಹಜಾರ ಒಂದೇ ಬಾಯಲ್ಲಿ ಹೇಳಿತು. ಅಷ್ಟರಲ್ಲಿ ಮಧ್ಯಾಹ್ನದ ಸಾರಿಗೆಂದು ಒಂದು ಮೂಟೆ ಅವರೆಕಾಯಿ ತಂದು ಸುರಿದರು. ಎಲ್ಲರೂ ಸುತ್ತ ಕೂತು ಸುಲಿಯತೊಡಗಿದರು. ಅರ್ಧ ಮೂಟೆ ಮುಗಿಯುವುದರೊಳಗೆ ಪಾಯಸಕ್ಕೆ ಬೆಲ್ಲ ಕಮ್ಮಿ ಎನ್ನುವುದು ಹೊರಗೆ ಬಂತು. ಓಲಗದವರು ಕೆಟ್ಟದಾಗಿ ಊದಿದ್ದು ಬಂತು. ಕೊನೆಗೆ ನನ್ನ ದೊಡ್ಡಮ್ಮನೇ, "ಧಾರೆ ಟೇಮಲ್ಲಿ ಗಂಡಿನ ಮಕ ಅಳ್ಳೆಣ್ಣೆ ಕುಡ್ದೋನಂಗಿತ್ತು" ಎಂದುಬಿಟ್ಟಳು. ನನ್ನ ಹೆಂಡತಿ ಹೌದೆಂದು ತಲೆಯಾಡಿಸಿದಳು. ಮದುವೆಯಾಗಿ ಇನ್ನೂ ಎರಡು ದಿನ!

ಅತ್ತೆ ಮಾತ್ರ ಸಿಪ್ಪೆಯ ರಾಶಿಯ ಮಧ್ಯೆ ಕುಣಿಯುವುದೊಂದು ಬಾಕಿ. "ಬರಿಗೈಲಿ ಕುಂತೋರು ಸುಳ್ಳೇಳ್ತಾರೆ ಕಣ್ಲಾ! ಕೈಗೊಂದು ಗೇಮೆ ಕೊಡು, ಬಾಯಿ ತಾನೇ ನಿಜ ಯೋಳ್ತದೆ!"

ಅಂದಿನಿಂದ ಅತ್ತೆ ಬರಿಗೈಲಿ ಸಭೆಗೆ ಹೋದದ್ದಿಲ್ಲ. ಚಳಿಗಾಲದಲ್ಲಿ ಅವರೆಕಾಯಿ, ಬೇಸಿಗೆಯಲ್ಲಿ ಹುಣಸೆಹಣ್ಣು, ನಡುವೆ ಏನೂ ಸಿಗದಿದ್ದರೆ ಗುಂಡ್ಲುಪೇಟೆ ಮಾರ್ಕೆಟ್ಟಿನ ಸಣ್ಣ ಈರುಳ್ಳಿ. ಅಧಿಕಾರಿಗಳೂ ವಿನಾಯಿತಿಯಿಲ್ಲದೆ ನೆಲದ ಮೇಲೆ ಕೂತು ಸುಲಿಯಬೇಕು. ಉಮ್ಮತ್ತೂರಿನಲ್ಲಿ ಹೆಂಗಸರಿಗೆ ಕೊಟ್ಟ ಹೊಲಿಗೆ ಮಿಷನ್ನಿನ ಮೌಲ್ಯಮಾಪನ ನಡೆದದ್ದು ಈರುಳ್ಳಿಯ ಮೇಲೆ. ಬುಟ್ಟಿ ಅರ್ಧವಾಗುವಾಗ, ಮುಕ್ಕಾಲು ಮನೆಗಳಲ್ಲಿ ಮಿಷನ್ನಿನ ಮೇಲೆ ಟಿವಿ ಕೂತಿದೆ ಎನ್ನುವುದು ಗೊತ್ತಾಯಿತು. ಟಿವಿಯನ್ನು ಕೆಳಗಿಳಿಸಲು ಆ ಹೆಂಗಸರ ಅತ್ತೆಯಂದಿರು ಒಪ್ಪುತ್ತಿಲ್ಲವಂತೆ. ನಾನು ನನ್ನ ಪಾಡಿಗೆ ಫೋಟೋ ತೆಗೆದು ಕಳಿಸಿದೆ. ಆಮೇಲೆ ವರದಿ ಅಚ್ಚಾಗಿ ಬಂದಾಗ ನೋಡುತ್ತೇನೆ, ಒಂದು ಸಾಲು ಹೆಂಗಸರು, ಮಧ್ಯೆ ಒಬ್ಬ ಅಧಿಕಾರಿ, ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಕೆಳಗೆ ಬರೆದಿದೆ: 'ಯೋಜನೆಯನ್ನು ನೆನೆದು ಭಾವುಕರಾದ ಫಲಾನುಭವಿಗಳು'!

ಸಭೆ ಮುಗಿದ ಮೇಲೆ ಸುಲಿದದ್ದೆಲ್ಲ ಏನಾಗುತ್ತದೆ ಎಂದು ಕೇಳಬೇಡಿ. ಅರ್ಧ ಆ ಊರಿಗೆ, ಅರ್ಧ ಅತ್ತೆಯ ಅಡುಗೆಮನೆಗೆ. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ಒಂದು ದಿನ ಸಾರು ಸುರಿದುಕೊಳ್ಳುತ್ತಾ, "ಸರ್ಕಾರಕ್ಕೆ ಉಪಯೋಗ ಆಯ್ತೋ ಬುಡ್ತೋ, ನಮಗಂತೂ ಸುಲಿಯೋ ಗೋಳು ತಪ್ತು" ಎಂದರು.

ಸರಿ, ಮಕ್ಕಳ ಮನೆ. ಗುಂಡ್ಲುಪೇಟೆಯ ಆಚೆ, ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಊರು. ಅಲ್ಲಿನ ಹೆಂಗಸರು ಅರಿಸಿನ ಕೀಳಲು, ಈರುಳ್ಳಿ ವಿಂಗಡಿಸಲು ಬೆಳಿಗ್ಗೆ ಎದ್ದು ಹೋಗುವವರು. ಕೂಸುಗಳನ್ನು ನೋಡಿಕೊಳ್ಳಲು ಗುಂಡ್ಲುಪೇಟೆಯಿಂದ ಮುಬೀನಾ ಎನ್ನುವ ಆಯಾ ಬರುತ್ತಾಳೆ. ತೊಟ್ಟಿಲಿದೆ, ಆಟದ ಸಾಮಾನಿದೆ, ಗೋಡೆಯ ಮೇಲೆ ಆನೆ ಜಿಂಕೆ ಎಲ್ಲ ಇವೆ. ಇಲ್ಲದ್ದು ಮಕ್ಕಳು ಮಾತ್ರ. ಮೊದಲು ತುಂಬಿರುತ್ತಿದ್ದ ಮನೆ ತಿಂಗಳಿಂದೀಚೆಗೆ ಖಾಲಿ. ಅಮ್ಮಂದಿರು ಕೂಸುಗಳನ್ನು ಮತ್ತೆ ಹೊಲಕ್ಕೇ ಹೊತ್ತುಕೊಂಡು ಹೋಗಿ ಹೊಂಗೆ ಮರಕ್ಕೆ ಸೀರೆ ಕಟ್ಟಿ ತೂಗುತ್ತಿದ್ದರು. ಮಾರ್ಚ್ ಮುಗಿಯುವುದರೊಳಗೆ ಕಾರಣ ಗೊತ್ತಾಗದಿದ್ದರೆ ಕೇಂದ್ರ ಮುಚ್ಚುವುದು, ಮುಬೀನಾ ಮನೆಗೆ ಹೋಗುವುದು ಎಂದು ತೀರ್ಮಾನವಾಗಿತ್ತು.

ಸಂಸ್ಥೆಯ ಕೋಆರ್ಡಿನೇಟರ್ ಅತ್ತೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಆಯಾ ಬೇರೆ ಜನ ಅಲ್ವಾ ಮೇಡಂ, ಅದಕ್ಕೇ ಕಳಿಸ್ತಾ ಇಲ್ಲ ಅನ್ಸುತ್ತೆ."

"ನಿಮಗನ್ಸುದ್ದು ನಿಮ್ಮ ತಾವೇ ಇಟ್ಕಳಿ. ಕೇಳ್ದೆ ಯಾರ ತಲೆ ಮ್ಯಾಲೂ ಕಲ್ಲಾಕಬಾರ್ದು," ಎಂದು ಅತ್ತೆ ಹುಣಸೆಹಣ್ಣಿನ ಚೀಲ ಬಿಚ್ಚಿದಳು.

ಅಂದು ಹೊಲದಿಂದ ಬೇಗ ಬಂದ ಹೆಂಗಸರೆಲ್ಲ ಮಕ್ಕಳ ಮನೆಯ ಜಗಲಿಯಲ್ಲಿ ಸೇರಿದ್ದರು. ಅವರನ್ನು ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯನ್ನೂ ಅತ್ತೆ ಬಿಡದೆ ಕರೆಸಿದ್ದಳು. ಮುಬೀನಾ ಒಂದು ಕಂಬಕ್ಕೆ ಒರಗಿ ಕೂತಿದ್ದಳು. ಮುಖದಲ್ಲಿ ಕಳೆಯಿರಲಿಲ್ಲ. ಅವಳಿಗೆ ಈ ಕೆಲಸ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಆ ಮಕ್ಕಳು ಬೇಕಾಗಿದ್ದರು. ಯಾವ ಕೂಸು ಯಾವಾಗ ಮಲಗುತ್ತದೆ, ಯಾವುದಕ್ಕೆ ಹಾಡು ಬೇಕು ಎಂದೆಲ್ಲ ನಾನು ಬಂದ ಕೂಡಲೇ ಹೇಳಿದ್ದಳು.

ಅತ್ತೆ ಕೇಳಿದಳು. ಆಯಾ ಹೇಗೆ? ಚೆನ್ನಾಗವ್ಳೆ. ಊಟ? ಚೆನ್ನಾಗದೆ. ಜಾಗ? ಚೆನ್ನಾಗದೆ. ಅತ್ತೆ ಮತ್ತೆ ಮಾತಾಡಲಿಲ್ಲ. ಎಲ್ಲರ ಮುಂದೆ ಹುಣಸೆಹಣ್ಣು ಸುರಿದು, ತಾನೂ ಬೀಜ ಬಿಡಿಸತೊಡಗಿದಳು. ಮೇಸ್ತ್ರಿ ನಾರು ತೆಗೆಯುವುದರ ಬದಲು ಹಣ್ಣನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಾತು ಸೊಸೆಯಂದಿರ ಮೇಲೆ ಹೋಯಿತು, ಬಸ್ಸಿನ ಮೇಲೆ ಹೋಯಿತು, ಬಿಸಿಲಿನ ಮೇಲೆ ಹೋಯಿತು. ಆಮೇಲೆ ಒಬ್ಬ ಚಿಕ್ಕ ವಯಸ್ಸಿನ ತಾಯಿ ತಲೆ ಎತ್ತದೆ ಹೇಳಿದಳು.

"ಇವ್ಳು ಚೆನ್ನಾಗಿ ನೋಡ್ಕತಾಳೆ ಕಣಮ್ಮ. ಅದೇ ತೊಂದ್ರೆ."

"ಅಂಗಂದ್ರೆ?"

"ಸಂಜೆ ಕರ‍್ಕೊಂಡೋಗಕ್ಕೆ ಬಂದ್ರೆ ನನ್ ಮೊಗ ಇವ್ಳ ಸೆರಗು ಬುಡಕಿಲ್ಲ. ಎತ್ಕಂಡ್ರೆ ಊರಿಗೆಲ್ಲ ಕೇಳಂಗೆ ಅಳ್ತದೆ. ದಾರೀಲಿ ಹೋಗೋರು ನನ್ನ ಮಕ್ಕಳ ಕಳ್ಳಿ ಅಂದ್ಕಂಡು ಹಿಡ್ಕಂಡು ಬಡ್ದಾರು!"

ಎಲ್ಲರೂ ನಕ್ಕರು. ಆದರೆ ಅವಳು ನಗಲಿಲ್ಲ. ಇನ್ನೊಬ್ಬಳು, "ನನ್ ಮಗ್ಳು ಇವ್ಳನ್ನೇ ಅವ್ವ ಅಂತಾಳೆ," ಎಂದಳು. ಮತ್ತೊಬ್ಬಳು, "ನಂದೂ ಅಂಗೇಯಾ. ನನ್ನ ಏನಂತದೆ ಗೊತ್ತಾ? 'ಬುಡು, ಓಗು' ಅಂತದೆ. ದಿನವೆಲ್ಲ ಯಾರಿಗೋಸ್ಕರ ಗೇಯ್ತೀವಿ ನಾವು?" ಎನ್ನುತ್ತಾ ಕಣ್ಣೊರೆಸಿಕೊಂಡಳು. ಅಲ್ಲಿ ಈರುಳ್ಳಿ ಇರಲಿಲ್ಲ.

ಮುಬೀನಾಳ ಕೈ ನಿಂತುಹೋಗಿತ್ತು. "ಅಳೋ ಮೊಗಾನ ಎತ್ಕಳ್ದೆ ಎಂಗಕ್ಕಾ ಇರ‍್ಲಿ? ಎತ್ಕಂಡ್ರೆ ಅದಕ್ಕೂ ಪ್ರೀತಿ ಬತ್ತದೆ, ನಂಗೂ ಬತ್ತದೆ. ಬ್ಯಾಡ ಅಂದ್ರೆ ಕೆಲ್ಸ ಬುಡ್ತೀನಿ. ನಿಮ್ಮ ಮಕ್ಕಳ್ನ ನಾ ಕಿತ್ಕಳಲ್ಲ," ಎಂದಳು.

ಊರು ಸುತ್ತಿ ಸಾವಿರ ಪ್ರಶ್ನೆ ಕೇಳಿದ ನಮ್ಮತ್ತೆಗೆ ಮುಂದಿನ ಪ್ರಶ್ನೆ ಬರಲಿಲ್ಲ! ನಾನು ಕ್ಯಾಮೆರಾ ಕೆಳಗಿಟ್ಟೆ. ಕೊನೆಗೆ ಆ ಚಿಕ್ಕ ತಾಯಿಯೇ ಸರಿದು ಹೋಗಿ ಮುಬೀನಾಳ ಮೊಣಕಾಲಿನ ಮೇಲೆ ಕೈಯಿಟ್ಟು, "ನೀ ಬುಟ್ಟೋದ್ರೆ ನಮ್ ಮಕ್ಕಳ ಗತಿ ಏನಕ್ಕಾ? ಮಧ್ಯಾನ್ನ ಅನ್ನ ನಾವೇ ಬಂದು ತಿನ್ನಿಸ್ತೀವಿ. ಅಷ್ಟು ನಮಗೆ ಬುಟ್ಟುಕೊಡು," ಎಂದಳು.

"ನಾನು ಕಲಸಿ ಮಡಗಿರ್ತೀನಿ. ತುತ್ತು ನೀವೇ ಕೊಡಿ," ಎಂದಳು ಮುಬೀನಾ.

ಅತ್ತೆ ಆಗ ಮೇಸ್ತ್ರಿಯ ಕಡೆ ತಿರುಗಿದಳು. ಹೊಲದಿಂದ ಬಂದು ಹೋಗಲು ಮಧ್ಯಾಹ್ನ ಇನ್ನಷ್ಟು ಬಿಡುವು ಕೊಡಬೇಕಲ್ಲ! ಬಾಯ್ತುಂಬ ಹುಣಸೆಹಣ್ಣು ತುಂಬಿಕೊಂಡವನು ಬೇಡ ಎನ್ನುವುದಾದರೂ ಹೇಗೆ? ತಲೆಯಾಡಿಸಿದ. ಮರುವಾರವೇ ಕೂಸುಗಳು ಒಂದೊಂದಾಗಿ ಬಂದವು, ಮಕ್ಕಳ ಮನೆ ಉಳಿಯಿತು. ಆದರೆ ಅಂದು ಕೋಆರ್ಡಿನೇಟರ್ ಪೆನ್ನು ಹಿಡಿದು, "ನ್ಯೂನತೆ ಅಂತ ಏನ್ ಬರೀಲಿ ಮೇಡಂ?" ಎಂದು ಒದ್ದಾಡುತ್ತಿದ್ದ.

"ಪ್ರೀತಿ ಜಾಸ್ತಿ ಆಗದೆ ಅಂತ ಬರೀರಿ," ಎಂದಳು ಅತ್ತೆ.

ವಾಪಸ್ಸು ಬರುವಾಗ ಸ್ಕೂಟರಿನ ಹಿಂದೆ ಅತ್ತೆ ಕೂತಿದ್ದಾಳೆ ಎನ್ನುವುದೇ ಮರೆತುಹೋಗುವಷ್ಟು ಸುಮ್ಮನಿದ್ದಳು. ಬೇರೆ ದಿನ ಪ್ರತಿ ಹಂಪ್‌ಗೂ ನನ್ನ ಡ್ರೈವಿಂಗಿನ ಮೌಲ್ಯಮಾಪನ ಆಗುತ್ತಿತ್ತು. ತೆರಕಣಾಂಬಿಯಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಲೋಟ ಹಿಡಿದುಕೊಂಡು ರಸ್ತೆ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ, "ನೀನೂ ಅಂಗೇ ಅಂತಿದ್ದೆ ಕಣ್ಲಾ," ಎಂದಳು.

"ಏನಂತ?"

"ಅವ್ವ ಅಂತ. ನನ್ನ."

ಅತ್ತೆಯೇ ಹೇಳಿದಳು. ಅವ್ವ ಕಳೆ ಕೀಳಲು ಹೋದರೆ ಅತ್ತೆ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗನವಾಡಿಗೆ ಹೋಗುತ್ತಿದ್ದಳಂತೆ. ಒಂದು ಸಂಜೆ ಅವ್ವ ಹೊಲದಿಂದ ಬಂದು ಎರಡೂ ಕೈ ಚಾಚಿದರೆ, ನಾನು ಅತ್ತೆಯ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡೆನಂತೆ. ಅವ್ವ ಎಲ್ಲರ ಮುಂದೆ ನಕ್ಕು, ಕೊಟ್ಟಿಗೆಯ ಹಿಂದೆ ಹೋಗಿ ಅತ್ತಳಂತೆ.

"ನಾ ನೋಡ್ಬುಟ್ಟೆ ಕಣ್ಲಾ. ಸೂಪರ್‌ವೈಸರ್ ಆರ್ಡರ್ ಬಂದಿತ್ತು, ಇಲ್ಲೇ ಆಗ್ತಿತ್ತು. ಕೊಳ್ಳೇಗಾಲದ ಕಡೆ ಹಾಕಿ ಅಂತ ನಾನೇ ಬರ‍್ಕೊಟ್ಟೆ."

ಅತ್ತೆ ಪೇಟೆಯ ಆಸೆಗೆ ಕೊಳ್ಳೇಗಾಲಕ್ಕೆ ಹೋದಳು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ.

"ಇಷ್ಟು ವರ್ಷ ಯಾಕತ್ತೆ ಯಾರಿಗೂ ಹೇಳ್ಲಿಲ್ಲ?"

"ಯಾರ್ ಕೇಳುದ್ರು?"

ಟೀ ಆರಿಹೋಗಿತ್ತು. ನಾನು ಕೇಳಿದೆ: "ನೀನು ಬಸ್ ಹತ್ತುವಾಗ ನಾನು ಅತ್ನಾ?"

"ಇಲ್ಲ ಕಣಪ್ಪ. ನಿಮ್ಮವ್ವನ ಸೊಂಟದ ಮ್ಯಾಲೆ ಕುಂತ್ಕಂಡು ಕೈ ಆಡಿಸ್ದೆ. ಅತ್ತೋಳು ನಿಮ್ಮವ್ವ. ಹೋಗ್ಬ್ಯಾಡ ಕಣಮ್ಮಿ ಅಂತ ಬಸ್ಸಿನ ಕಂಬಿ ಹಿಡ್ಕಂಡು ಅತ್ಲು."

ಹರವೆಯಲ್ಲಿ ನನ್ನ ಅಣ್ಣನ ಜೊತೆ ಇರುವ ಅವ್ವ ಆ ಹೊತ್ತಿಗೆ ಜಗಲಿಗೆ ಬಂದು ಕೂತಿರುತ್ತಾಳೆ. ಗಾಡಿ ಹತ್ತಿ, "ಬಾ ಅತ್ತೆ, ಹರವೆಗೆ ಹೋಗನ," ಎಂದೆ. ಯಾಕೆ, ಏನು, ಹೇಗನ್ನಿಸಿತು ಎಂದು ಒಂದೂ ಕೇಳದೆ ಅತ್ತೆ ಹಿಂದೆ ಕೂತು ನನ್ನ ಹೆಗಲು ಹಿಡಿದುಕೊಂಡಳು.