ಚಪ್ಪಾಳೆ ದೀಪವೂ ಮಾವನ ನಿದ್ದೆಯೂ

ಮನೆಗೆ ಹೊಸ ಸಾಮಾನು ಬಂತು ಅಂದ್ರೆ ಹಿಂದೇನೇ ಮನೆಯವರ ಗುಟ್ಟು ಬೀದಿಗೆ ಬರುತ್ತೆ. ನಮ್ಮನೇಲಿ ಇದು ತಪ್ಪಿದ್ದೇ ಇಲ್ಲ. ರೇಡಿಯೋ ಬಂದಾಗಲೂ ಹಾಗೇ, ಮಿಕ್ಸಿ ಬಂದಾಗಲೂ ಹಾಗೇ. ಆದ್ರೆ ನನ್ನ ಮೈದುನ ಮಾಡಿದ ಡಬ್ಬಿಯ ಮುಂದೆ ಅವೆಲ್ಲ ಏನೂ ಅಲ್ಲ.

೧. ಚಾಡಿ ಹೇಳೋ ದೀಪ

ಬೀದಿಗೊಂದೇ ಟಿವಿ ಇದ್ದ ಕಾಲ. ಕೊಯಮತ್ತೂರಲ್ಲಿ ನಮ್ಮ ನೇಕಾರರ ಬೀದೀಲಿ ಮನೆಮನೆಗೂ ಮಗ್ಗ. ಮೈದುನನಿಗೆ ಮಾತ್ರ ಮಗ್ಗ ಕಂಡ್ರೆ ಆಗದು. ಮೋಟರಿಗೆ ಕಾಯಿಲ್ ಕಟ್ಟೋ ಅಂಗಡಿ ಸೇರಿದ್ದ. ಅಲ್ಲಿ ಕಲಿತು ಒಂದು ಡಬ್ಬಿ ಮಾಡಿ ಮಗ್ಗದ ಕೋಣೇಲಿ ಹಾಕಿದ. ಚಪ್ಪಾಳೆ ತಟ್ಟಿದ್ರೆ ಬಲ್ಬು ಹತ್ತುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಆರುತ್ತೆ.

ಅತ್ತೆ ಶಿವನ ಗುಡೀಲಿ ಚಂಡಿಕೇಶ್ವರನ ಮುಂದೆ ತಟ್ಟೋ ಹಾಗೆ ಮೆಲ್ಲಗೆ ತಟ್ಟಿದ್ರು. ಹತ್ತಲಿಲ್ಲ.

"ಜೋರಾಗಿ ತಟ್ಟವ್ವ!"

"ದೇವರಿಗೇ ಕೇಳುತ್ತಂತೆ, ನಿನ್ನ ಡಬ್ಬಿಗೆ ಕೇಳಲ್ವೇನೋ?"

ಮಗ್ಗದ ಏಟನ್ನೂ ಆ ಡಬ್ಬಿ ಚಪ್ಪಾಳೆ ಅಂತಲೇ ತಿಳ್ಕೊಳ್ತಿತ್ತು. ಮಾವ ನೇಯೋವರೆಗೂ ದೀಪ ಉರಿಯೋದು, ನಿಲ್ಲಿಸಿದ್ರೆ ಆರೋದು. ಅತ್ತೆಗೆ ಕಿವಿ ಮಂದ; ಅದುವರೆಗೂ ಮಾವ ಧೈರ್ಯವಾಗಿ ಮಲಗ್ತಿದ್ರು. ಈಗ ಅಡುಗೆಮನೆಯಿಂದಲೇ ಕಣ್ಣಿಗೆ ಕಾಣುತ್ತಲ್ಲ! "ದೀಪ ಆರ್ತು, ಮಲಗಿದ್ರು!" ಅಂತ ಸೌಟು ಹಿಡಿದು ಓಡೋರು.

ಮಾವ ಒಂದು ಉಪಾಯ ಕಂಡ್ಕೊಂಡ್ರು. ಮಲಗಿದಲ್ಲಿಂದಲೇ ಕಾಲಿನ ಹೆಬ್ಬೆರಳಲ್ಲಿ ಮಗ್ಗದ ಹಲಗೆ ಬಡಿಯೋದು. ದೀಪ ಉರೀತು, ಬಟ್ಟೆ ಮಾತ್ರ ಬೆಳೀಲಿಲ್ಲ. ಒಂದು ದಿನ ಆ ಹೆಬ್ಬೆರಳೂ ನಿದ್ದೆಹೋಯ್ತು.

೨. ಚೊಂಬು ಕೇಳಿದ್ರೆ ಹಂಡೆ

ಮಳೆಗಾಲದಲ್ಲಿ ಡಬ್ಬಿ ಕೆಟ್ಟಿತು. ಹತ್ತಿದ ದೀಪ ಕಣ್ಣು ಮಿಟುಕಿಸೋದ್ರಲ್ಲಿ ಆರ್ತಿತ್ತು. ಈಗ ಮಾವ ನಿಜವಾಗಿ ನೇಯ್ತಿದ್ರೂ ಅತ್ತೆ ಸೌಟು ಹಿಡಿದು ಬರೋರು.

"ಮತ್ತೆ ಮಲಗಿದ್ರಾ?"

"ಕೈಯಲ್ಲಿ ಲಾಳಿ ಇದೆ, ಕಣ್ಣು ಕಾಣಲ್ವಾ?"

"ನಾನು ಬಂದ್ಮೇಲೆ ಹಿಡ್ಕೊಂಡ್ರಿ!"

ಮಾವನಿಗೆ ಉರಿದುಹೋಯ್ತು. ಮೈದುನನ್ನ ಕರೆದು ಹೇಳಿಬಿಟ್ರು: "ಶುಕ್ರವಾರ ಉಡುಮಲೈಪೇಟೆಯಿಂದ ನಿನಗೆ ನೋಡಿರೋ ಹೆಣ್ಣಿನ ಕಡೆಯವರು ಮನೆ ನೋಡಕ್ಕೆ ಬರ್ತಾರೆ. ಅವರ ಮುಂದೆ ಈ ಡಬ್ಬಿ ಮಾನ ಕಳೀತೋ, ಅಂಗಡಿ ಬಿಟ್ಟು ಈ ಮಗ್ಗದ ಗುಂಡೀಲಿ ಕಾಲಿಳಿಬಿಟ್ಟು ಕೂತು ನೀನೇ ನೇಯಬೇಕು."

ಮೈದುನ ಮುಖ ಬಾಡಿಸ್ಕೊಂಡು ಡಬ್ಬಿ ಬಿಚ್ಚಿದ. "ಕಂಡೆನ್ಸರ್ ಒಣಗಿದೆ ಅತ್ತಿಗೆ. ಅದು ಕರೆಂಟು ತುಂಬ್ಕೊಂಡು ಮೆಲ್ಲಗೆ ಬಿಡುತ್ತೆ. ಬಿಟ್ಟು ಮುಗಿಯೋವರೆಗೂ ದೀಪ."

"ತೂತು ಚೊಂಬು ಅನ್ನು."

ಉಕ್ಕಡಂ ಹತ್ರದ ಹಳೇ ಸಾಮಾನಿನ ಅಂಗಡಿಗೆ ಹೋಗಿ, ಯಾವುದೋ ಸತ್ತ ರೇಡಿಯೋದಿಂದ ಕಿತ್ತದ್ದು ತಂದು, ಸೀಸ ಕರಗಿಸಿ ಬೆಸೆದು ಕೂರಿಸಿದ. ಡಬ್ಬಿ ಮುಚ್ಚಳವೇ ಮುಚ್ಚಲಿಲ್ಲ.

"ಅಳತೆಯದು ಸಿಗಲಿಲ್ಲ, ಸ್ವಲ್ಪ ದೊಡ್ಡದು" ಅಂದ.

"ಅಯ್ಯೋ ತಮ್ಮಯ್ಯ, ಚೊಂಬು ಕೇಳಿದ್ರೆ ಹಂಡೆ ತಂದಿದ್ದೀಯಲ್ಲೋ!"

೩. ಆರದ ದೀಪ

ಶುಕ್ರವಾರ ಹೆಣ್ಣಿನ ಅಪ್ಪ, ಅಜ್ಜಿ ಬಂದ್ರು. ಮೈದುನ ಚಪ್ಪಾಳೆ ತಟ್ಟಿದ. ದೀಪ ಹತ್ತಿತು. "ಈಗ ನೋಡಿ ಅಜ್ಜಿ, ತಾನೇ ಆರುತ್ತೆ" ಅಂತ ಜಂಬ ಬೇರೆ.

ಎಲ್ಲರೂ ಕತ್ತೆತ್ತಿ ನಿಂತ್ರು. ಆರಲಿಲ್ಲ. ಕಾಪಿ ಕುಡಿದ್ರು, ಆರಲಿಲ್ಲ. ಬೋಂಡಾ ತಿಂದ್ರು, ಆರಲಿಲ್ಲ. ಮೈದುನನ ಅಂಗಿ ಬೆವರಲ್ಲಿ ನೆನೀತು. ಮಾವ ಕಣ್ಣಲ್ಲೇ ಗುಂಡಿ ತೋರಿಸಿದ್ರು.

ಆಗ ಅಜ್ಜಿ ಅವನ ಕಡೆ ತಿರುಗಿದಳು. "ಏನಪ್ಪಾ, ಶುಭದ ಮಾತಾಡಕ್ಕೆ ಬಂದವರ ಮುಂದೆ ದೀಪ ಆರಿಸ್ತೀನಿ ಅಂತೀಯಲ್ಲ, ಬುದ್ಧಿ ಇದೆಯಾ? ಪುಣ್ಯಕ್ಕೆ ದೀಪಕ್ಕಿದೆ. ಹುಡುಗಿ ನಿಮ್ಮನೆಯವಳೇ, ಹೋಗು."

ಊಟ ಆಯ್ತು. "ನಾಲ್ಕು ಎಳೆ ನೇಯ್ತೀನಿ" ಅಂತ ಮಾವ ಒಳಗೆ ಹೋದ್ರು. ಜಗಲಿ ಮೇಲೆ ಕೂತ ಅಜ್ಜಿ ಕಿವಿಗೊಟ್ಟಳು. "ಮಗ್ಗದ ಸದ್ದೇ ಇಲ್ಲ?"

"ಹರಿದ ಎಳೆ ಗಂಟು ಹಾಕ್ತಿದ್ದಾರೆ ಅಜ್ಜಿ" ಅಂದೆ ನಾನು.

ಒಳಗಿಂದ ಗೊರಕೆ ಬಂತು. ಅಜ್ಜಿ ನನ್ನ ಮುಖ ನೋಡಿದಳು. "ನಿಮ್ಮ ಕಡೆ ಗಂಟು ಹಾಕಕ್ಕೂ ಇಷ್ಟು ಸದ್ದಾ?"

ಅವರು ಹೋದ್ಮೇಲೆ ಮೈದುನ ತಿರುಪುಳಿ ಹಿಡಿದು ಬಂದ. "ಅಪ್ಪಾ, ಸರಿ ಅಳತೆಯ ಕಂಡೆನ್ಸರ್ ಹುಡುಕಿ ಹಾಕ್ಲಾ?"

ಮಾವ ದಿಗ್ಗನೆ ಎದ್ದು ಕೂತ್ರು. "ಮುಟ್ಟಿದ್ರೆ ಕೈ ಮುರೀತೀನಿ! ಮಗ್ಗ ನನಗಿರಲಿ. ನೀನು ಅಂಗಡಿಗೆ ಹೋಗು!"

ಅವತ್ತಿಂದ ಅತ್ತೆ ಮಾವನಿಗೆ ಮಧ್ಯಾಹ್ನ ಒಂದು ಲೋಟ ಹಾಲು ಜಾಸ್ತಿ ಕೊಡೋಕೆ ಶುರುಮಾಡಿದ್ರು. ಪಾಪ, ಈ ವಯಸ್ಸಲ್ಲಿ ದೀಪ ಆರದ ಹಾಗೆ ನೇಯ್ತಾರಲ್ಲ ಅಂತ.