ಚಿನ್ನದ ಗೆರೆಯ ಕಪ್

ಮೈಕ್ರೋವೇವ್ ಓಡುತ್ತಿರುವಾಗ ಅಡುಗೆಮನೆಯಲ್ಲಿ ನಿಂತರೆ ಒಳಗಿನ ಆಲೂಗಡ್ಡೆಯ ಜೊತೆ ನಾವೂ ಬೇಯುತ್ತೇವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಗುಂಡಿ ಒತ್ತಿದವನೇ ಬಾಲ್ಕನಿಗೆ ಓಡಿ ಬಾಗಿಲು ಹಾಕಿಕೊಳ್ಳುವುದು, 'ಟಿಂಗ್' ಎಂದ ಮೇಲೆ ವೀರನಂತೆ ಮರಳುವುದು ನನ್ನ ಪದ್ಧತಿ.

ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು.

"ದಿನಾ ನಲವತ್ತು ಜನರ ಎಲುಬು ನೋಡ್ತೀನಿ, ನೆಟ್ಟಗೇ ಇದೀನಿ. ಹಾಲು ಕಾಯಿಸೋ ಪೆಟ್ಟಿಗೆಗೆ ಹೆದರ್ತೀಯಲ್ಲೋ."

"ನೀನೂ ಗೋಡೆ ಹಿಂದೆ ನಿಂತೇ ಅಲ್ವಾ ತೆಗೆಯೋದು? ನಾನು ಬಾಲ್ಕನೀಲಿ ನಿಲ್ತೀನಿ. ಏನು ವ್ಯತ್ಯಾಸ?"

"ನಂಗೆ ಅದಕ್ಕೆ ಸಂಬಳ ಕೊಡ್ತಾರೆ."

ಹೋದ ವಾರ ಊಟದ ನಡುವೆ ಅವಳು ತಟ್ಟೆಗೆ ಹೇಳಿದಂತೆ ಹೇಳಿದಳು: "ಅಮ್ಮ ಇದ್ದಾಗ ನಾನು ಡ್ಯೂಟಿ ಮುಗಿಸಿ ಬರೋ ಹೊತ್ತಿಗೆ ಬಿಸಿ ಹಾಲು ರೆಡಿ ಇರ್ತಿತ್ತು." ಅತ್ತೆ ತೀರಿಕೊಂಡು ವರ್ಷವಾಗಿತ್ತು. ಆ ಮಾತು ನನ್ನ ತಲೆಯಲ್ಲೇ ಕೂತಿತು.

ಶನಿವಾರ ನನಗೆ ರಜೆ. ಪಾರ್ಸೆಲ್ ಆಫೀಸಿನಲ್ಲಿ ದಿನವಿಡೀ 'ಒಡೆಯುವ ವಸ್ತು, ಜೋಪಾನ' ಎಂದು ಚೀಟಿ ಅಂಟಿಸುವ ಕೈ ಇದು. ಒಂದು ಕಪ್ ಹಾಲು ಯಾವ ಮಹಾ! ಸ್ಟೀಲ್ ಇಡಬೇಡ, ಮೊಟ್ಟೆ ಇಡಬೇಡ, ಮುಚ್ಚಳ ಬಿಗಿಯಬೇಡ ಎಂಬ ಹೆಂಡತಿಯ ಮೂರೂ ಆಜ್ಞೆಗಳನ್ನು ಶಿರಸಾವಹಿಸಿದೆ. ಕಪಾಟಿನ ಮೇಲಿನ ಅರೆಯಿಂದ ಅವಳಿಗೆ ಅಮ್ಮ ಕೊಟ್ಟಿದ್ದ ಪಿಂಗಾಣಿ ಕಪ್ ಇಳಿಸಿದೆ. ಅಂಚಿಗೆ ಸುತ್ತಲೂ ಚಿನ್ನದ ಗೆರೆ. ಹಾಲು ತುಂಬಿ, ಎರಡು ನಿಮಿಷಕ್ಕೆ ಇಟ್ಟು, ಬಾಲ್ಕನಿಗೆ ಓಟ ಕಿತ್ತೆ.

ಪಟಪಟ ಸದ್ದಾಯಿತು. ಯಾರೋ ಪಟಾಕಿ ಹೊಡೆಯುತ್ತಿದ್ದಾರೆಂದು ರಸ್ತೆಗೆ ಬಗ್ಗಿ ನೋಡಿದರೆ ಹೆಂಡತಿ ಬರುತ್ತಿದ್ದಳು. ಕೈ ಬೀಸಿದೆ. ಅವಳೂ ಬೀಸಿದಳು. ಆಮೇಲೆ ಅವಳ ಕಣ್ಣು ಬಾಲ್ಕನಿ ಪಕ್ಕದ ನಮ್ಮ ಅಡುಗೆಮನೆ ಕಿಟಕಿಗೆ ಹೋಯಿತು. ಒಂದೇ ಸಮನೆ ಓಡಿ ಬರತೊಡಗಿದಳು. ಎಂಥ ಪ್ರೀತಿ ಅಂದುಕೊಂಡೆ.

ನಾನು ಬಾಲ್ಕನಿ ಬಾಗಿಲು ತೆಗೆಯುವಷ್ಟರಲ್ಲಿ ಅವಳು ಸ್ವಿಚ್ ಆರಿಸಿ ಆಗಿತ್ತು. ಮನೆಯೆಲ್ಲ ಸುಟ್ಟ ವಾಸನೆ.

"ಏನಿಟ್ಟಿದ್ದೆ?"

"ಹಾಲು. ನಿಂಗೇ."

"ಯಾವುದರಲ್ಲಿ?"

ನಾನು ಮೈಕ್ರೋವೇವ್ ಕಡೆ ಬೆರಳು ತೋರಿಸಿದೆ. ಅವಳೇ ಕಪ್ ಹೊರತೆಗೆದಳು. ಚಿನ್ನದ ಗೆರೆ ಅಲ್ಲಲ್ಲಿ ಮಸಿಯಾಗಿತ್ತು.

"ನೀನು ಸ್ಟೀಲ್ ಬೇಡ ಅಂದಿದ್ದೆ. ಇದು ಚಿನ್ನ ಅಲ್ವಾ?"

"ಚಿನ್ನ ಏನು, ಸೌತೆಕಾಯಿನಾ? ಅದೂ ಲೋಹಾನೇ ಕಣೋ. ಅಲ್ಲೇ ನಿಂತಿದ್ರೆ ಮೊದಲ ಕಿಡಿಗೇ ಆರಿಸಬಹುದಿತ್ತು."

ಕಪ್ಪನ್ನು ತೊಳೆದು, ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ಬೈದಿದ್ದರೆ ವಾಸಿಯಿತ್ತು. ನಾನು ಬೇರೆ ಹಾಲನ್ನು ಗ್ಯಾಸಿನ ಮೇಲಿಟ್ಟೆ. ಈ ಸಲ ರೆಪ್ಪೆ ಮಿಟುಕಿಸದೆ ಕಾವಲು ನಿಂತೆ. ಸ್ಟೀಲ್ ಲೋಟಕ್ಕೆ ಹಾಕಿ ಕೊಟ್ಟೆ. ಅರ್ಧ ಕುಡಿದಳು. ನನಗೆ ತಡೆಯಲಾಗಲಿಲ್ಲ.

"ನಿಜ ಹೇಳು, ನನ್ನ ಕಟ್ಟಿಕೊಂಡು ತಪ್ಪು ಮಾಡಿದೆ ಅಂತ ಯಾವತ್ತಾದ್ರೂ ಅನ್ಸಿದ್ಯಾ?"

ತುಟಿ ಮೇಲಿನ ಹಾಲು ಒರೆಸಿಕೊಂಡಳು.

"ಎರಡು ಸಲ ಅನ್ಸಿದೆ. ಇವತ್ತು ಅನ್ಸಲಿಲ್ಲ."