ಮಂಚದ ಪಕ್ಕದ ಬನ್ನಿಗಿಡ

ಮನೆ ಬೇರೆ, ಬಯಲು ಬೇರೆ ಎಂದು ಗೋಡೆ ಎಬ್ಬಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಮೊದಲಿನಿಂದ ಎಂದರೆ ಯಾವಾಗಿನಿಂದ ಎಂದು ಕೇಳಬೇಡಿ. ಸ್ವಂತ ಮನೆ ಕಟ್ಟಿಸಲು ಹೊರಟ ಮೇಲೆ, ಬಾಲ್ಯದಿಂದಲೂ ಹೀಗೇ ಅಂದುಕೊಂಡಿದ್ದೆ ಎಂದು ನೆನಪಾಗತೊಡಗಿತು. ನೆನಪು ಬಲು ಉಪಕಾರಿ, ಕೇಳಿದ್ದನ್ನು ತಂದುಕೊಡುತ್ತದೆ.

ಮನಗೂಳಿಯಲ್ಲಿ ನಾವು ಕೊಂಡ ಜಾಗದ ನಡುವೆ ಹಳೆಯ ಬನ್ನಿಗಿಡವೊಂದಿತ್ತು. ಅದನ್ನು ಮನೆಯೊಳಗೇ ತೆಗೆದುಕೊಳ್ಳೋಣ ಎಂದೆ. ಮನೆ ಕಟ್ಟಲು ಬಂದ ಗೌಂಡಿ ರಾಜಾಸಾಬ ನಗಲಿಲ್ಲ; ನನಗೆ ಅಷ್ಟು ಧೈರ್ಯ ಸಾಕಾಯಿತು. ಹೆಂಡತಿ ಶಾಂತಾಳದು ಒಂದೇ ಬೇಡಿಕೆ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ. ಬಾಡಿಗೆಯ ಸಾಲುಮನೆಯಲ್ಲಿ ವರ್ಷಗಟ್ಟಲೆ ಕಂಡಕಂಡವರೆಲ್ಲ ಅವಳ ಅಡುಗೆಮನೆ ಹಾಯ್ದೇ ನಲ್ಲಿಗೆ ಹೋಗುತ್ತಿದ್ದರು. ಕೋಣೆ ಕೊಟ್ಟೆ. ಅದರ ಗೋಡೆಯ ನಡುವೆ ಬನ್ನಿಯ ಬೊಡ್ಡೆ ಬಂತು: ಅರ್ಧ ಪಡಸಾಲೆಗೆ, ಅರ್ಧ ನಮ್ಮ ಮಂಚದ ಪಕ್ಕಕ್ಕೆ. ಬೊಡ್ಡೆಯ ಆಚೆಗೊಂದು ಈಚೆಗೊಂದು ಬಾಗಿಲು. ಟೊಂಗೆಗಳು ಛಾವಣಿ ದಾಟಿ ಆಕಾಶಕ್ಕೆ ಹೋದವು, ಇರುವೆಗಳು ಹಾಸಿಗೆಗೆ ಬಂದವು. ಸಿಂದಗಿ, ಇಂಡಿಯಿಂದೆಲ್ಲ ನೆಂಟರನ್ನು ಕರೆದು ತೋರಿಸಿದೆ.

ನಮ್ಮ ಕಡೆ ನವರಾತ್ರಿಯಲ್ಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಬನ್ನಿಗಿಡ ಸುತ್ತಿ ಪೂಜೆ ಮಾಡುತ್ತಾರೆ. ಇದು ನನಗೆ ಗೊತ್ತಿತ್ತು. ಓಣಿಗೆಲ್ಲ ಇರುವುದು ಒಂದೇ ಬನ್ನಿ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವುದೊಂದು ಬಿಟ್ಟುಹೋಗಿತ್ತು.

ನವರಾತ್ರಿಯ ಮೊದಲ ನಸುಕಿಗೇ ಬಾಗಿಲು ಬಡಿದದ್ದು ಪಕ್ಕದ ಮನೆಯ ನೀಲವ್ವ; ಹಿಂದೆ ಆರತಿ ತಟ್ಟೆ ಹಿಡಿದ ಇಡೀ ಓಣಿ. ದೇವಿಯನ್ನು ಅರ್ಧ ಸುತ್ತಿ ಬಿಡಲಾದೀತೆ? ಒಂದು ಬಾಗಿಲಿನಿಂದ ಕೋಣೆಗೆ ಬಂದು, ಇನ್ನೊಂದರಿಂದ ಹೊರಬಿದ್ದು, ಹಾಡುತ್ತ ಸುತ್ತಿದರು. ನಾನು ಕೌದಿಯೊಳಗೆ ಉಸಿರು ಬಿಗಿಹಿಡಿದು ಬಿದ್ದಿದ್ದೆ. ಯಾರೋ ನನ್ನ ಕಾಲು ಹೊರಗಿದ್ದುದನ್ನು ಕಂಡು ಕೌದಿ ಎಳೆದು ಮುಚ್ಚಿದರು. ಮುಂದಿನ ಸುತ್ತಿಗೆ ನನ್ನ ಮೇಲೂ ಅಕ್ಷತೆ ಬಿತ್ತು. ಬಿದ್ದಿಲ್ಲ ಎನ್ನುತ್ತಾಳೆ ಶಾಂತಾ; ಇರಲಿ.

ಅವರು ಹೋದ ಮೇಲೆ ಅವಳು ಹೇಳಿದ್ದು ಸ್ಪಷ್ಟವಾಗಿತ್ತು: ಒಂದೋ ಈ ಮಂದಿಯನ್ನು ನಾನು ನಿಲ್ಲಿಸಬೇಕು, ಇಲ್ಲ ಅವಳು ತವರಿಗೆ ಹೊರಡಬೇಕು.

ಮರುದಿನ ನಸುಕಿಗೆ ನಾನೇ ಬಾಗಿಲಲ್ಲಿ ನಿಂತು ಮನೆ, ಮನುಷ್ಯ, ಪ್ರಕೃತಿ ಎಂದೆಲ್ಲ ಮಾತಾಡಿದೆ. ನೀಲವ್ವ ಪೂರ್ತಿ ಕೇಳಿ, ನನ್ನ ಭುಜದ ಮೇಲಿಂದ ಇಣುಕಿ ಶಾಂತಾಳನ್ನು ಕೇಳಿದಳು:

“ಶಾಂತವ್ವಾ, ಹೆಣ್ಮಕ್ಕಳು ಬರೂ ಜಾಗಾದಾಗ ಈ ಗಂಡಸು ಯಾಕ ಮಲಗಬೇಕವಾ?”

ಶಾಂತಾ ಮಂಚದತ್ತ ನೋಡಿದಳು, ನನ್ನತ್ತ ನೋಡಿದಳು. ಆಮೇಲೆ, “ಅದೂ ಖರೇನ ಐತಿ ನೋಡಕ್ಕಾ,” ಎಂದಳು.

ಪಡಸಾಲೆಯೂ ಸುತ್ತಿನ ಹಾದಿಯೇ ಆದ್ದರಿಂದ ನನ್ನ ಹಾಸಿಗೆ ಅಂಗಳಕ್ಕೆ ಬಂತು. ಪೂಜೆ ಮುಗಿದು ಹೆಂಗಸರು ಹೊರಟೊಡನೆ ಎರಡೂ ಚಿಲಕ ಬೀಳುವ ಸದ್ದು ಕೇಳುತ್ತಿತ್ತು. ಬಿಸಿಲೇರುವವರೆಗೆ ಅವಳಿಗೆ ಸುಖನಿದ್ರೆ. ದಸರೆ ಕಳೆದ ಸಂಜೆ ಕೌದಿ ಮಡಚಿಕೊಂಡು ಹೋಗಿ ಕೋಣೆಯ ಬಾಗಿಲು ಬಡಿದೆ.

“ಅಮಾಸಿ ಪೂಜಿಗೂ ಬರ್ರಿ ಅಂತ ನಾನಽ ಅವರಿಗೆ ಹೇಳೇನ್ರಿ,” ಎಂದಿತು ಒಳಗಿನ ದನಿ. “ಅಲ್ಲೇ ಮಲಕ್ಕೋರಿ, ಗಾಳಿ ಬೇಸ್ ಐತಿ.”

ಗಾಳಿ ನಿಜಕ್ಕೂ ಚೆನ್ನಾಗಿತ್ತು. ನಾನು ಕಟ್ಟಿಸಿದ ಮನೆ ಹೊರಗಿನಿಂದ ಇಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ.